ಅಜ್ಜನ ಕಾರಿಗೆ ಯಾವ ಪೆಟ್ರೋಲ್?

ಮಣ್ಣಗುಡ್ಡದಲ್ಲಿ ಹಳೆ ಕಾರು ಇಟ್ಟುಕೊಂಡವನು ನಗೆಪಾಟಲಾಗಲು ಬೇರೇನೂ ಮಾಡಬೇಕಿಲ್ಲ, ಪೆಟ್ರೋಲ್ ಹಾಕಿಸಲು ಹೊರಟರೆ ಸಾಕು. ನನ್ನದು ಅಪ್ಪ ಬಿಟ್ಟುಹೋದ, ನನಗಿಂತ ಹಿರಿಯ ಕಾರು. "ಮದುವೆ ದಿನ ಇಗರ್ಜಿಗೆ ಅಜ್ಜನ ಕಾರಲ್ಲೇ ಹೋಗ್ತೇನೆ" ಎಂದು ಮಗಳು ಹಟ ಹಿಡಿದಳು. ಅಂದಿನಿಂದ ಅದರ ಹೊಟ್ಟೆಯ ಚಿಂತೆ ನನ್ನ ತಲೆಗೆ ಬಂತು.

೧. ಬಂಕಿನ ಪಂಡಿತರು

ಕೊಡಿಯಾಲ್‌ಬೈಲಿನ ಬಂಕಿನ ಹುಡುಗಿ, "ಸಾದಾ ಹಾಕ್ಲಾ, ಪವರ್ ಹಾಕ್ಲಾ?" ಎಂದಳು. ನಾನು ಒಂದು ಕ್ಷಣ ಯೋಚಿಸಿದ್ದೇ ತಪ್ಪು. ಸಾಲಿನಲ್ಲಿದ್ದವರೆಲ್ಲ ಇಳಿದು ಬಂದರು. ಒಬ್ಬರು ಸಾದಾ ಎಂದರು, ಇನ್ನೊಬ್ಬರು ಆಯಿಲ್ ಬೆರೆಸಿ ಎಂದರು. ನಮ್ಮ ಬೀದಿಯ ರಿಕ್ಷಾದವನೂ ಅಲ್ಲಿದ್ದ. "ನನ್ನ ಹಾಗೆ ಗ್ಯಾಸ್ ಮಾಡಿಸಿ ಮಾರಾಯ್ರೇ, ತಲೆಬಿಸಿಯೇ ಇಲ್ಲ" ಎಂದ. ವಾದ ಮುಗಿಸಿ ಎಲ್ಲರೂ ಖುಷಿಯಿಂದ ಮನೆಗೆ ಹೋದರು. ಪೆಟ್ರೋಲ್ ಹಾಕಿಸುವುದು ಮರೆತೇಹೋಗಿತ್ತು, ನನಗೂ.

೨. ಭಾವನ ಶೋಧ

ಮೆಕ್ಯಾನಿಕ್ ಕೊನೆಗೆ ತೀರ್ಪು ಕೊಟ್ಟ: "ಎಥನಾಲ್ ಬೆರೆಸಿದ್ದು ಬೇಡ ಸರ್, ಹಳೇ ರಬ್ಬರ್ ಪೈಪನ್ನು ತಿಂದು ಹಾಕ್ತದೆ. ಬೆರೆಸದ್ದೇ ಹಾಕಿ. ನೀರಂತೂ ಒಂದು ಹನಿ ಹೋಗ್ಬಾರ್ದು."

ದುಬೈಯಿಂದ ಬಂದಿದ್ದ ಭಾವ, "ನಾನು ತರ್ತೇನೆ" ಎಂದು ತನ್ನ ಕಾರಿನಲ್ಲಿ ಹೊರಟರು. ಐದು ಬಂಕುಗಳಲ್ಲಿ ಇಲ್ಲ, ಆರನೆಯದರಲ್ಲಿ ಸಿಕ್ಕಿತು. ಸಂಜೆ ಕ್ಯಾನು ನೋಡಿದರೆ ಅರ್ಧವೇ ಉಂಟು. ಹುಡುಕಿ ಹುಡುಕಿ ಅವರದ್ದೇ ಕಾರು ಖಾಲಿಯಾಗಿ, ಉಳಿದರ್ಧ ಅದು ಕುಡಿದಿತ್ತು.

೩. ಅರ್ಧ ಬಾಟ್ಲಿ

ಮದುವೆಯ ದಿನ ಕಾರು ಠೀವಿಯಿಂದ ಹೊರಟಿತು. ನಂತೂರು ವೃತ್ತದ ನಟ್ಟನಡುವೆ ಕೆಮ್ಮಿ ನಿಂತಿತು. ಸುತ್ತ ಲಾರಿಗಳ ಹಾರ್ನ್, ಒಳಗೆ ಬಿಳಿ ಗೌನಿನಲ್ಲಿ ಮಗಳ ಅಳು. ನನಗೂ ಅಳು ಬರುವುದೊಂದು ಬಾಕಿ.

ಮದುವೆಗೆಂದು ಕೋಟು ಹಾಕಿ ಹಿಂದೆಯೇ ಬರುತ್ತಿದ್ದ ಮೆಕ್ಯಾನಿಕ್ ಬಾನೆಟ್ ತೆರೆದು ನೋಡಿದ. "ಸರ್, ಪೆಟ್ರೋಲಿನಲ್ಲಿ ನೀರು!"

"ನೀರಲ್ಲ, ಫಾದರ್ ಆಶೀರ್ವಾದ ಮಾಡಿ ಕೊಟ್ಟ ತೀರ್ಥ" ಎಂದಳು ನನ್ನ ಹೆಂಡತಿ. "ಯಾವ ಪೆಟ್ರೋಲ್ ಅಂತ ಒಬ್ಬರ ಮಾತು ಇನ್ನೊಬ್ಬರು ಒಪ್ಪಲಿಲ್ಲ. ದೇವರಾದ್ರೂ ನೋಡ್ಕೊಳ್ಳಲಿ ಅಂತ ಟ್ಯಾಂಕಿಗೆ ಅರ್ಧ ಬಾಟ್ಲಿ ಹಾಕಿದೆ."

"ಉಳಿದರ್ಧ?"

ಅಷ್ಟರಲ್ಲಿ ಅಳಿಯನ ಫೋನ್: "ಮಾವ, ಎಂತ ಮಾಡುದು? ನನ್ನ ಹೊಸ ಕಾರು ದಾರಿಯಲ್ಲೇ ನಿಂತಿದೆ."

"ಬೆಳಿಗ್ಗೆ ಅವನ ತಮ್ಮ ಆ ಕಾರಲ್ಲಿ ಹೂವು ತಂದಿದ್ದನಲ್ಲ" ಎಂದಳು ಹೆಂಡತಿ, ಮೆಲ್ಲಗೆ.

ಕೊನೆಗೆ ಬಂದದ್ದು ನಮ್ಮ ಬೀದಿಯ ಅದೇ ರಿಕ್ಷಾದವ. ಮಗಳನ್ನು ಹತ್ತಿಸಿಕೊಂಡ, ದಾರಿಯಲ್ಲಿ ವರನನ್ನೂ ಎತ್ತಿಕೊಳ್ಳುತ್ತೇನೆಂದ. ಮಗಳು ಕಣ್ಣೊರೆಸಿಕೊಂಡು ನಕ್ಕಳು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಹೆಂಡತಿ ಬ್ಯಾಗಿನಿಂದ ಇನ್ನೊಂದು ಬಾಟ್ಲಿ ತೆಗೆದಳು.

ರಿಕ್ಷಾದವ ಎರಡೂ ಕೈ ಜೋಡಿಸಿದ. "ಬೇಡ ಬಾಯಮ್ಮ, ಅದನ್ನು ನನ್ನ ತಲೆಗೆ ಹಾಕಿ. ಗಾಡಿಗೆ ಗ್ಯಾಸ್ ಸಾಕು!"