ಇಲ್ಲದ ಟೇಪು, ಸಿಕ್ಕ ರಜೆ

ಟೇಪೇ ಇಲ್ಲದ ಟೇಪ್ ಡ್ರೈವನ್ನು ಸರ್ವರ್‌ಗೆ ಜೋಡಿಸಿ ಕಚೇರಿಯ ಕಡತಗಳ ಬ್ಯಾಕಪ್ ತೆಗೆದರೆ ಮಾತ್ರ ರಜೆ ಎಂದು ಮ್ಯಾನೇಜರ್ ವೈದ್ಯಲಿಂಗಂ ಬೆಳಗ್ಗೆ ಒಂಬತ್ತಕ್ಕೇ ಹೇಳಿಬಿಟ್ಟರು. ಗಿಂಡಿ ಬಡಾವಣೆಯ ಆ ವಿಮಾ ಕಚೇರಿಯಲ್ಲಿ ಹನ್ನೆರಡು ವರ್ಷ ಟೇಪು ತುರುಕಿ ತೆಗೆದು ಮಾಡುತ್ತಿದ್ದ ಪೊನ್ನಂಬಲಂಗೆ ಇದು ತಲೆ ದೀಪಾವಳಿ, ಮದುವೆಯಾದ ಮೇಲಿನ ಮೊದಲ ಹಬ್ಬ. ಹೆಂಡತಿ ಆಗಲೇ ಕೋವಿಲ್‌ಪಟ್ಟಿಯ ತವರಿನಲ್ಲಿದ್ದಳು. ಅಳಿಯ ಬರದಿದ್ದರೆ ಮಾವ ಜನ್ಮವಿಡೀ ಮಾತು ಬಿಡುವ ಪೈಕಿ. ಸಂಜೆಗೆ ರೈಲು.

"ಟೇಪೆಲ್ಲೋ?" ಪಕ್ಕದ ಮೇಜಿನ ದೇವಸಹಾಯಂ ಬಗ್ಗಿ ನೋಡಿದ.

"ಇಲ್ಲ ಕಣೋ. ಡಿಸ್ಕೇ ನಾನು ಟೇಪು ಅಂತ ನಾಟಕ ಆಡುತ್ತೆ, ಸರ್ವರ್ ನಂಬುತ್ತೆ."

"ಹಾಗೂ ಉಂಟಾ?"

"ಯಾಕಿಲ್ಲ? ನಾನು ಇಂಜಿನಿಯರ್ ಅಂತ ನಾಟಕ ಆಡ್ತಿಲ್ವಾ, ಕಂಪನಿ ನಂಬಿಲ್ವಾ?"

ಜೋಡಿಸಿದ. ಎರಡೇ ನಿಮಿಷದಲ್ಲಿ ಬ್ಯಾಕಪ್ ಮುಗಿಯಿತು. ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ದೇವಸಹಾಯಂ ಬ್ಯಾಕಪ್ ಆದದ್ದರ ಪಟ್ಟಿ ಓದಿದ: "ಚಿತ್ರಾನ್ನ, ಮೊಸರನ್ನ, ವಡೆ... ಲೋ, ಇದು ಕ್ಯಾಂಟೀನ್ ಸರ್ವರ್ರು!"

ಡ್ರೈವ್ ಯಾವ ಸರ್ವರ್‌ಗೆ ಸೇರಬೇಕೋ ಅದರ ವಿಳಾಸ ಬರೆಯುವಾಗ ಒಂದು ಸಾಲು ತಪ್ಪಿತ್ತು. "ಹೋಗ್ಲಿ ಬಿಡು, ಕಂಪನಿ ಮುಳುಗಿದ್ರೂ ಸಾಂಬಾರ್ ಉಳಿಯುತ್ತೆ. ನನ್ನ ಬುದ್ಧಿಗೆ ಇಷ್ಟಾದ್ರೂ ದಕ್ಕಿತಲ್ಲ," ಎಂದು ಪೊನ್ನಂಬಲಂ ವಿಳಾಸ ತಿದ್ದಿದ.

ಈ ಸಲ ಡ್ರೈವ್ ಸರಿಯಾದ ಸರ್ವರ್‌ನಲ್ಲೇ ಕಾಣಿಸಿತು. ಆದರೆ ಪರದೆಯ ಮೇಲೆ 'ಟೇಪ್ ಹಾಕಿ' ಎಂದು ಬಂತು. ಹನ್ನೆರಡು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಬೀರುವಿಗೆ ಹೋಯಿತು. ನಿಜವಾದ ಟೇಪು ಹಿಡಿದು ತೂತು ಹುಡುಕುತ್ತ ಸರ್ವರ್ ಪೆಟ್ಟಿಗೆಯ ಸುತ್ತ ಮೂರು ಸಲ ಬಂದ.

ರಜೆ ವಿಭಾಗದ ಶೆಣ್ಬಗಂ ಬಾಗಿಲಲ್ಲಿ ನಿಂತು, "ಪ್ರದಕ್ಷಿಣೆ ಆಯ್ತಾ ಸಾರ್? ಕರ್ಪೂರ ತರ್ಲಾ?" ಎಂದಳು.

ನಾಚಿಕೆಯಿಂದ ಕುಗ್ಗಿಹೋದ ಪೊನ್ನಂಬಲಂ ಕೊನೆಗೆ ಇಲ್ಲದ ಟೇಪನ್ನು ಇಲ್ಲದ ಡ್ರೈವಿಗೆ ಮೌಸಿನಲ್ಲೇ ಹಾಕಿದ. ಹನ್ನೊಂದಕ್ಕೆ ಬ್ಯಾಕಪ್ ಮುಗಿಯಿತು. ವೈದ್ಯಲಿಂಗಂ ಮಾತಿನಂತೆ ಆ ಕ್ಷಣವೇ ರಜೆ ಮಂಜೂರು ಮಾಡಿ, ತಾವೂ ಊರಿಗೆಂದು ವಿಮಾನ ಹಿಡಿಯಲು ಹೊರಟರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಒಳಗೆ ಹೋಗಿದ್ದು ವಾಪಸ್ ಬರುತ್ತೋ, ಬರೀ ನುಂಗುತ್ತೋ?" ಎಂದು ಮಧ್ಯಾಹ್ನ ದೇವಸಹಾಯಂ ಕೆಣಕಿದ.

"ಇಲ್ನೋಡು!" ಪೊನ್ನಂಬಲಂ ಇದ್ದುದರಲ್ಲೇ ಚಿಕ್ಕ ಕಡತ ಆರಿಸಿ, ಟೇಪಿನಿಂದ ವಾಪಸ್ ತಂದು ಸರ್ವರ್‌ನಲ್ಲಿದ್ದುದರ ಜಾಗಕ್ಕೇ ಕೂರಿಸಿದ. ಅರ್ಧ ನಿಮಿಷ. ಒಂದಕ್ಷರ ತಪ್ಪಿಲ್ಲ. ಇಬ್ಬರೂ ಚಪ್ಪಾಳೆ ತಟ್ಟಿದರು.

"ಯಾವ ಕಡತ ಸಾರ್?" ಶೆಣ್ಬಗಂ ಕೇಳಿದಳು.

"ನಿಮ್ಮ ರಜೆ ಪಟ್ಟಿ."

ಅವಳು ತನ್ನ ಮೇಜಿಗೆ ಓಡಿದಳು. "ಅಯ್ಯೋ! ನಿಮ್ಮ ರಜೆ ಇನ್ನೂ ಮಂಜೂರಾಗಿಲ್ಲ ಅಂತಿದೆ! ಬ್ಯಾಕಪ್ ಆದ್ಮೇಲಲ್ವಾ ಸಾರ್ ಮ್ಯಾನೇಜರ್ ಒಪ್ಪಿದ್ದು? ನೀವು ವಾಪಸ್ ತಂದಿದ್ದು ಅದಕ್ಕೂ ಮುಂಚಿನ ಪಟ್ಟಿ! ಹಬ್ಬದ ದಿನದ ಡ್ಯೂಟಿ ನಿಮ್ಮ ಹೆಸರಿಗೇ ಬಿದ್ದಿದೆ."

"ನಂದು ಹೋದ ವಾರಾನೇ ಆಗಿತ್ತಪ್ಪ," ಎಂದು ದೇವಸಹಾಯಂ ಮೆಲ್ಲಗೆ ಚೀಲ ಎತ್ತಿಕೊಂಡ.

ಪೊನ್ನಂಬಲಂ ಮ್ಯಾನೇಜರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ವೈದ್ಯಲಿಂಗಂ ವಿಮಾನ ಹತ್ತುತ್ತಿದ್ದರು.

"ಭೇಷ್! ವಾಪಸ್ ತೆಗೆಯೋದೂ ಕೆಲಸ ಮಾಡುತ್ತಾ? ಗಟ್ಟಿಗ ಕಣಯ್ಯಾ ನೀನು! ರಜೆಗೆ ಚಿಂತೆ ಮಾಡ್ಬೇಡ. ಮಂಜೂರು ಮಾತ್ರ ಆಫೀಸಿನ ಕಂಪ್ಯೂಟರಿಂದಲೇ ಮಾಡ್ಬೇಕು. ನಾನು ಹಬ್ಬ ಮುಗಿಸ್ಕೊಂಡು ಬಂದ ತಕ್ಷಣ ಮೊದಲ ಕೆಲಸ ಅದೇ."