ಮೊದಲು ಅಂಗಳಕ್ಕೆ ಬಂದವನು

ಆಪತ್ತು ಹೇಳಿ ಕೇಳಿ ಬರುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ನಮ್ಮ ಮನೆಗೆ ಬಂದ ಆಪತ್ತು ಮಾತ್ರ, ಪಾಪ, ಹೇಳಿಯೇ ಬಂತು. ತಿಂಗಳುಗಟ್ಟಲೆ ಬಾಗಿಲಲ್ಲಿ ನಿಂತು ಕೆಮ್ಮಿ, ಕೂಗಿ, ನನಗೆ ಪುರುಸೊತ್ತಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕಾಲಿಟ್ಟಿತು. ನನಗೆ ಪುರುಸೊತ್ತಾದರೂ ಎಲ್ಲಿತ್ತು? ಆಗ ನಾನು ಬೇರೆ ಆಪತ್ತುಗಳನ್ನು ಎದುರಿಸುವ ತಯಾರಿಯಲ್ಲಿ ಮುಳುಗಿದ್ದೆ.

ನಾನು ಗಂಗಾವತಿಯಲ್ಲಿ ಮನೆ ಮಾಡಿಕೊಂಡು ದಿನವೂ ಕೊಪ್ಪಳದ ಕಚೇರಿಯೊಂದಕ್ಕೆ ಬಸ್ಸಿನಲ್ಲಿ ಓಡಾಡುವ ಗುಮಾಸ್ತ. ಕಚೇರಿಗೆ ಯಾವ ತರಬೇತಿಯ ಆದೇಶ ಬಂದರೂ ಸಾಹೇಬರ ಕಣ್ಣು ನನ್ನ ಮೇಲೆಯೇ ಬೀಳುತ್ತದೆ. ಅದು ನನ್ನ ಯೋಗ್ಯತೆಯನ್ನು ನೋಡಿ ಅಲ್ಲ, ನಾನು ಹೋದರೆ ಕಚೇರಿಯಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲವೆಂದು. ಹೀಗಾಗಿ ಜೇನು ಕಾಣದ ನಾನು ಜೇನು ಸಾಕಣೆಯ ತರಬೇತಿ ಪಡೆದಿದ್ದೇನೆ. ಹೋದ ವರ್ಷ ವಿಪತ್ತು ನಿರ್ವಹಣೆಯ ಸರದಿ ಬಂತು. ಅಲ್ಲಿಂದ ಮರಳಿದ ನಾನು ಹಳೆಯ ಮನುಷ್ಯನಾಗಿರಲಿಲ್ಲ. ಟಿ.ವಿ.ಯಲ್ಲಿ ತುಂಗಭದ್ರೆ ತುಂಬಿ ವಿರೂಪಾಪುರಗಡ್ಡೆಯನ್ನು ಸುತ್ತುವರಿದ ಚಿತ್ರ ಬಂದರೆ ಸಾಕು, ಎದ್ದು ನಿಂತುಬಿಡುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು: "ಕುಂದರ್ರಿ. ನಮ್ಮ ಮನಿಗೆ ಹೊಳಿ ಬರಬೇಕಾದ್ರ ಮೊದಲ ಹೇಮಗುಡ್ಡ ಮುಳುಗಬೇಕು."

ನಾನು ಅಂಥ ಮಾತಿಗೆ ಬಗ್ಗುವವನಲ್ಲ. ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಚೀಲವೊಂದನ್ನು ತಂದು ಅದಕ್ಕೆ 'ಆಪತ್ತಿನ ಚೀಲ' ಎಂದು ಹೆಸರಿಟ್ಟೆ. ಅದರೊಳಗೆ ಬ್ಯಾಟರಿ, ಸೀಟಿ, ಹಗ್ಗ, ಗ್ಲೂಕೋಸ್, ಬಿಸ್ಕೀಟು, ಮನೆಯ ಕಾಗದಪತ್ರ ಎಲ್ಲವೂ ಸೇರಿದವು. ಬಿಸ್ಕೀಟನ್ನು ಮಾತ್ರ ಆಗಾಗ ಬದಲಿಸಬೇಕಾಗುತ್ತಿತ್ತು. ನೆರೆ ಬಾರದ ದಿನಗಳಲ್ಲೂ ನನಗೆ ಹಸಿವಾಗುತ್ತಿತ್ತು.

ಇದೇ ಕಾಲದಲ್ಲಿ ಗಿರಿಜಾ ಬೇರೊಂದು ರಾಗ ಹಿಡಿದಿದ್ದಳು. "ಏನ್ರಿ, ಗ್ಯಾಸಿನ ಪೈಪು ಹಳೇದಾಗೇತಿ. ಅಡಿಗಿಮನ್ಯಾಗ ಇಲಿ ಬ್ಯಾರೆ ಅಡ್ಡಾಡ್ತಾವು. ಒಂದ್ ಪೈಪ್ ತರ್ರಿ." ನಾನು ತಂದೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಹೊಸ ಪೈಪು ತಂದು, ಹಳೆಯದನ್ನು ನೋಡಿ, 'ಇನ್ನೂ ಗಟ್ಟಿ ಇದೆ' ಎಂದುಕೊಂಡು, ಹೊಸದನ್ನು ಆಪತ್ತಿನ ಚೀಲದಲ್ಲಿಟ್ಟೆ. ಆಪತ್ಕಾಲಕ್ಕೆ ಬೇಕಾಗುತ್ತದೆಂದು.

ತರಬೇತಿಯಲ್ಲಿ ಕಲಿತ ಅಣಕು ಪ್ರದರ್ಶನವನ್ನೂ ಮನೆಯಲ್ಲಿ ಏರ್ಪಡಿಸಿದೆ. ಈ ಕೆಲಸಕ್ಕೆ 'ಅಣಕು' ಎಂಬ ಹೆಸರಿಟ್ಟವರು ನಮ್ಮ ಮನೆಯನ್ನು ನೋಡಿಯೇ ಇಟ್ಟಿರಬೇಕು. ಗಿರಿಜಾ ಗ್ಯಾಸ್ ಬಂದ್ ಮಾಡಬೇಕು, ಮಗಳು ಪೂಜಾ ಅಜ್ಜಿಯ ಕೈ ಹಿಡಿದು ಹೊರಗೆ ತರಬೇಕು, ನಾನು ಚೀಲ ಹೊತ್ತು ಮುಂದೆ ನಡೆಯಬೇಕು. ನನ್ನ ಅವ್ವನಿಗೆ ಕಿವಿ ಮಂದ. ನಾನು ಸೀಟಿ ಊದಿದರೆ ಅವಳು, "ಯಾರೋ ಬಂದಾರ ನೋಡು" ಎಂದು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬರುತ್ತಿದ್ದಳು.

"ಎಲ್ಲಿಗೆ ಹೊಂಟೀವೋ ಬಸು?"

"ಎಲ್ಲಿಗೂ ಇಲ್ಲವ್ವ, ಅಂಗಳಕ್ಕ."

"ಅಂಗಳಕ್ಕ ಹೋಗಾಕ ಇಷ್ಟ್ಯಾಕ ಗಡಿಬಿಡಿ?"

ಅವಳ ಸೀರೆಯ ನೆರಿಗೆ ಸರಿಯಾಗುವ ಹೊತ್ತಿಗೆ ನಮ್ಮ ಮನೆ ಲೆಕ್ಕಪ್ರಕಾರ ಎಂದೋ ಮುಳುಗಿಹೋಗಿರುತ್ತಿತ್ತು. ಆದರೂ ಮೊಮ್ಮಗಳ ಕೈ ಹಿಡಿದು ಅಂಗಳಕ್ಕೆ ಬಂದು ನಿಲ್ಲುವುದೆಂದರೆ ಅವ್ವನಿಗೆ ಖುಷಿ. ಮುಂದೆ ಪೂಜಾ ಕೊಪ್ಪಳದ ಹಾಸ್ಟೆಲ್ ಸೇರಿದಳು. ಅವಳ ಪಾಲಿನ ಕೆಲಸವೂ ಅವಳೊಂದಿಗೇ ಕೊಪ್ಪಳಕ್ಕೆ ಹೋಯಿತೆಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಆ ದಿನ ರಜೆ. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಗಿರಿಜಾ ಹಿತ್ತಲಲ್ಲಿ ಬಟ್ಟೆ ಹಾಕಿ ಬಂದು ಅಡುಗೆಮನೆಯ ಬಾಗಿಲು ತೆಗೆದವಳೇ ಚೀರಿದಳು: "ಏನ್ರಿ! ಗ್ಯಾಸ್ ವಾಸನಿ! ಹೊರಗ ನಡೀರಿ!"

ತರಬೇತಿ ಎಂಥದ್ದು ನೋಡಿ, ನನ್ನ ಕೈಕಾಲು ತಾವಾಗಿಯೇ ಕೆಲಸ ಮಾಡಿದವು. ಕಪಾಟಿನ ಮೇಲಿನ ಚೀಲ ಬೆನ್ನಿಗೇರಿತು, ಎದೆಯ ಪಟ್ಟಿ ಬಿಗಿಯಿತು, ನಾನು ಅಂಗಳದಲ್ಲಿದ್ದೆ. ಅಷ್ಟು ಚುರುಕಾಗಿ ನಾನು ಜೀವನದಲ್ಲಿ ಬಸ್ಸನ್ನೂ ಹಿಡಿದಿಲ್ಲ. ಗಿರಿಜಾ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಓಡಿ ಮುಂದೆ ಬಂದಳು. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನೂ ಗದ್ದಲ ಕೇಳಿ ಬಂದರು. ಕಾಲುವೆ ಕಡೆ ಆಂಧ್ರದ ರೈತರು ನೆಲೆಸಿದ ಕ್ಯಾಂಪಿನ ತೆಲುಗಿನವರು ಅವರು. ನನ್ನ ಅವ್ವನನ್ನು ಪೆದ್ದಮ್ಮ ಎಂದೇ ಕರೆಯುತ್ತಾರೆ.

"ಅಯ್ಯೋ, ಪೆದ್ದಮ್ಮ ಎಲ್ಲದಾರ್ರೀ?" ಎಂದರು.

"ಪೂಜಾ ಕರಕೊಂಡು ಬರ್ತಾಳ," ಎಂದೆ ನಾನು.

ಗಿರಿಜಾ ನನ್ನ ಮುಖ ನೋಡಿದಳು. "ಪೂಜಾ ಕೊಪ್ಪಳದಾಗ ಅದಾಳ್ರಿ! ಅತ್ತಿನ್ನ ನೀವ ಕರಕೊಂಡು ಬಂದೀರಿ ಅಂತ ನಾ ತಿಳದಿದ್ದೆ!"

ಅವ್ವ ಆ ಹೊತ್ತಿಗೆ ಎಲ್ಲಿರುತ್ತಾಳೆಂದು ನಮ್ಮಿಬ್ಬರಿಗೂ ಗೊತ್ತು. ಅಡುಗೆಮನೆಗೆ ಹೊಂದಿಕೊಂಡ ದೇವರ ಕೋಣೆಯಲ್ಲಿ, ಎದುರಿಗೆ ದೀಪ, ಕೈಗೆಟುಕುವಲ್ಲಿ ಕಡ್ಡಿಪೆಟ್ಟಿಗೆ. ಒಳಗೆ ನುಗ್ಗಲು ತಿರುಗಿದೆ. ಬೆನ್ನ ಮೇಲಿನ ಚೀಲದ ಪಟ್ಟಿ ಗೇಟಿನ ಚಿಲಕಕ್ಕೆ ಸಿಕ್ಕಿಕೊಂಡು ನನ್ನನ್ನು ಹಿಂದಕ್ಕೆ ಎಳೆಯಿತು. ಎದೆಯ ಪಟ್ಟಿಯ ಬಕ್ಕಲ್ ಬಿಚ್ಚಲು ಹೋದರೆ ಅದು ಬರಲೊಲ್ಲದು. ಕೊಂಬು ಸಿಕ್ಕಿಕೊಂಡ ಟಗರಿನ ಹಾಗೆ ನಾನು ಅಲ್ಲಿ ಜಗ್ಗಾಡುತ್ತಿರುವಾಗ ಗಿರಿಜಾ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಪಕ್ಕದಿಂದಲೇ ಒಳಗೆ ಓಡಿದಳು.

ಆಮೇಲೆ ಅವಳು ಹೇಳಿದ್ದು: ಅಂದು ಬತ್ತಿ ಹೊಸೆಯುವುದು ತಡವಾಗಿ ಅವ್ವ ಇನ್ನೂ ದೀಪ ಹಚ್ಚಿರಲಿಲ್ಲ. ಕಡ್ಡಿ ಕೈಯಲ್ಲಿತ್ತು, ಗೀರಿರಲಿಲ್ಲ. ಗಿರಿಜಾ ಪೆಟ್ಟಿಗೆ ಕಿತ್ತುಕೊಂಡು ರಟ್ಟೆ ಹಿಡಿದು ಎಳೆದಳು. ಏನೂ ಕೇಳಿಸದ ಅವ್ವ, ಸೊಸೆಗೆ ಸಿಟ್ಟು ಬಂದಿದೆ ಎಂದುಕೊಂಡು, "ನಾ ಏನ್ ಮಾಡಿದ್ನೇ ಯವ್ವಾ?" ಎಂದಳಂತೆ. ಆ ಗಡಿಬಿಡಿಯಲ್ಲಿ ತಲಬಾಗಿಲ ಹೊಸ್ತಿಲು ಎಡವಿ ಬಿದ್ದಳು. ಬಿದ್ದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಬಕ್ಕಲ್ ಬಿಚ್ಚಿತ್ತು.

ಅವ್ವನ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಗ್ಯಾಸ್ ರಿಪೇರಿಯವನು ಬಂದು ಇಲಿ ಕಡಿದ ಪೈಪನ್ನು ಬಿಚ್ಚಿ ತೋರಿಸಿ, "ಹೊಸಾದು ಐತೇನ್ರಿ ಮನ್ಯಾಗ?" ಎಂದು ಕೇಳಿದ. ನಾನು ಗೇಟಿನ ಬಳಿ ಬಿದ್ದಿದ್ದ ಚೀಲದಿಂದ ಅದನ್ನು ತೆಗೆದುಕೊಟ್ಟೆ. ಗಿರಿಜಾ ಏನಾದರೂ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಪೈಪನ್ನು ನೋಡಿದಳು, ನನ್ನನ್ನು ನೋಡಿದಳು, ಅತ್ತೆಗೆ ಗಂಜಿ ಕಾಯಿಸಲು ಸುಬ್ಬಲಕ್ಷ್ಮಮ್ಮನ ಮನೆಗೆ ಹೋದಳು.

ಸುದ್ದಿ ತಿಳಿದು ನವಲಿಯಿಂದ, ಕುಷ್ಟಗಿಯಿಂದ ನೆಂಟರು ಬಂದರು. ಬಂದವರಿಗೆಲ್ಲ ಅವ್ವ ತಾನೇ ಕಥೆ ಹೇಳುತ್ತಿದ್ದಳು. ಮೊದಲ ದಿನ, "ನಮ್ಮ ಬಸು ಹೊರಗ ನಿಂತು ಎಲ್ಲಾ ಬಂದೋಬಸ್ತ್ ಮಾಡಿದ" ಎಂದಳು. ವಾರದೊಳಗೆ ನಾನು ಬಾಗಿಲವರೆಗೆ ಬಂದಿದ್ದೆ. ನವಲಿಯ ಚಿಗವ್ವ ಬರುವ ಹೊತ್ತಿಗೆ ನಾನು ಅವ್ವನನ್ನು ಎತ್ತಿಕೊಂಡೇ ಹೊರಗೆ ಬಂದಿದ್ದೆ. ಚಿಗವ್ವ ನನ್ನ ಗಲ್ಲ ಸವರಿ, "ಇದ್ರ ಇಂಥಾ ಮಗ ಇರಬೇಕು ನೋಡು" ಎಂದಳು. ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಜಾಳ ಕಡೆ ನಾನು ನೋಡಲಿಲ್ಲ. ಹಾಗೆಂದು ಚಿಗವ್ವನ ಮಾತನ್ನು ತಿದ್ದಲೂ ಇಲ್ಲ.

ಆ ದಿನ ಮಧ್ಯಾಹ್ನ ನೆಂಟರೆಲ್ಲ ಹೊರಟು, ಗಿರಿಜಾ ಅವರನ್ನು ಬಸ್ಸಿಗೆ ಹತ್ತಿಸಲು ಹೋದ ಮೇಲೆ ಅವ್ವನ ಪಕ್ಕ ಕೂತೆ. ಅವಳಿಗೆ ಒಂದೇ ಕೈಯಲ್ಲಿ ಬತ್ತಿ ಹೊಸೆಯಲು ಆಗದು, ನಾನು ಹೊಸೆದುಕೊಡುತ್ತಿದ್ದೆ. ನನ್ನ ಬತ್ತಿಗಳು ಇಲಿಮರಿಗಳಂತೆ ಬರುತ್ತಿದ್ದವು. ಅವಳ ಕಿವಿಯ ಹತ್ತಿರ ಬಾಗಿ, ಓಣಿಗೆಲ್ಲ ಕೇಳುವಂತೆ ಅಲ್ಲದಿದ್ದರೂ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಅವ್ವಾ, ಆವತ್ತು ನಾ ನಿನ್ನ ಮರತು ಹೊರಗ ಓಡಿದ್ದೆ."

"ಗೊತ್ತೈತಿ ಬಿಡೋ," ಎಂದಳು ಅವ್ವ, ಬತ್ತಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ. "ನಾನೂ ನಿನ್ನ ಒಮ್ಮಿ ಮರತಿದ್ದೆ. ಕನಕಗಿರಿ ಸಂತ್ಯಾಗ. ಸಣ್ಣಾಂವ ಇದ್ದಿ. ಬಸ್ ಹತ್ತಿ ಕುಂತ ಮ್ಯಾಲ ನೆಪ್ಪಾತು."

ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಮರೆವು ನಮ್ಮ ವಂಶದಲ್ಲೇ ಇದೆ ಅನ್ನಿ. "ಆಮ್ಯಾಲೇನ್ ಮಾಡಿದೆವ್ವ?"

"ಏನ್ ಮಾಡ್ಲಿ? ಚೀರಿ ಬಸ್ ನಿಂದ್ರಿಸಿ ಇಳದೆ. ಚಪ್ಪಲಿ ಬಸ್ಸಿನ್ಯಾಗ ಉಳದ್ವು. ಓಡಿ ಬಂದೆ."

"ನಾ ಭಾಳ ಅತ್ತಿದ್ದೆನು?"

"ಇಲ್ಲೋ. ಬಳಿಗಾರನ ಕಟ್ಟಿ ಮ್ಯಾಲ ಆರಾಮ ಕುಂತಿದ್ದಿ. ನಾ ಬರ್ತೀನಿ ಅಂತ ನಿನಗ ಭರೋಸಾ ಇತ್ತು."

ಕೈಯಲ್ಲಿದ್ದ ಹತ್ತಿಯನ್ನು ಹೊಸೆಯುವುದು ಮರೆತು ಕೂತೆ. ಆ ದಿನ ದೇವರ ಕೋಣೆಯ ಹೊರಗೆ ಗದ್ದಲ ಎದ್ದಾಗ ಅವಳಿಗೂ ಅಂಥ ಭರೋಸಾ ಇತ್ತೇ ಎಂದು ಕೇಳಬೇಕೆನಿಸಿತು. ಕಿವಿ ಮಂದವಾದದ್ದರಿಂದ ಗದ್ದಲವೇ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗನ ಮಾನ ಉಳಿಸಲು ದೇವರು ಏನೆಲ್ಲ ಉಪಾಯ ಮಾಡಿರುತ್ತಾನೆ! ಪ್ರಶ್ನೆಯನ್ನು ನುಂಗಿ, "ಚಹಾ ಮಾಡ್ಲೇನವ್ವ?" ಎಂದೆ.

ಅವ್ವ ಎಡಗೈಯಿಂದ ನನ್ನ ಮೊಣಕಾಲು ತಟ್ಟಿದಳು.

"ಬ್ಯಾಡಪ್ಪ. ನೀ ಒಲಿ ಹಚ್ಚಬ್ಯಾಡ. ಗಿರಿಜಾ ಮನಿಗೆ ಬರಲಿ."