ಸಾಹೇಬರ ನಾಯಿಗೆ ಅರಿಶಿನ

ಸಾಹೇಬರ ನಾಯಿಯ ಹೆಸರು ಡೇಸಿ. ಸರ್ಕಾರಿ ಪಟ್ಟಾ ಹಾಕಿದ ಜವಾನ, ಪಟ್ಟೇವಾಲಾ ಯಮನಪ್ಪನ ನಾಲಿಗೆಗೆ ಅದು ಹೊರಳದೆ ‘ದೇಸಾಯಿ’ ಆಗಿತ್ತು. ಊರಾಳುವ ದೇಸಾಯಿ ಅಂದಮೇಲೆ ಏಕವಚನ ಬಾಯಿಗೆ ಬರುವುದಾದರೂ ಹೇಗೆ? ಮೇಲಾಗಿ ಸರ್ಕಾರಿ ನಾಯಿ! ಹಾಗಾಗಿ ಅವನು ಅದನ್ನು ‘ಬರ್ರಿ ದೇಸಾಯರ, ಕೂಡ್ರಿ ದೇಸಾಯರ’ ಎಂದೇ ಮಾತಾಡಿಸುತ್ತಿದ್ದ. ಕೆನೆಯಂಥ ಬಿಳಿ ನಾಯಿ. ಅದೂ ಬಹುವಚನವಿಲ್ಲದೆ ಕರೆದರೆ ಬರುತ್ತಿರಲಿಲ್ಲ.

ಆ ಸಲ ಪ್ರಾಂತ ಸಾಹೇಬರ ಡೇರೆ ಬಿದ್ದದ್ದು ಉಪ್ಪಿನಬೆಟಗೇರಿಯ ಕೆರೆಯ ದಂಡೆಗೆ. ಇಂಗ್ಲಿಷ್ ಸಾಹೇಬರು. ಕನ್ನಡವನ್ನು ಪುಸ್ತಕದಿಂದ ಕಲಿತು ಪರೀಕ್ಷೆ ಪಾಸಾದವರು. ಬೆಳಗ್ಗೆ ಕುದುರೆ ಏರುವ ಮುನ್ನ ಯಮನಪ್ಪನನ್ನು ಕರೆದರು.

“ಇಲ್ಲಿ ಕೀಟಗಳು ವಿಪುಲವಾಗಿವೆ. ಸಾಯಂಕಾಲ ನಾನು ಮರಳಿದಾಗ ಈ ಶ್ವಾನದ ಶರೀರದಲ್ಲಿ ಒಂದೂ ದಂಶ ಇರಕೂಡದು. ಇರದಿದ್ದರೆ ನಿನ್ನನ್ನು ಧಾರವಾಡದ ಕಚೇರಿಗೆ ನೇಮಿಸುವೆನು.”

ದಂಶವೆಂದರೇನೋ ಯಮನಪ್ಪನಿಗೆ ತಿಳಿಯಲಿಲ್ಲ. ಧಾರವಾಡ ಮಾತ್ರ ಚೆನ್ನಾಗಿ ತಿಳಿಯಿತು. ಮದುವೆಯಾದಾಗಿನಿಂದ ಅವನ ದಿನವೆಲ್ಲ ಸಾಹೇಬರ ಜೊತೆ ಊರೂರಿನ ಡೇರೆಯಲ್ಲೇ ಕಳೆದಿತ್ತು. ಹೆಂಡತಿ ಸಾವಕ್ಕ ಒಬ್ಬಳೇ ಧಾರವಾಡದ ಮಡಿಹಾಳದ ಮನೆಯಲ್ಲಿ. ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತು ಹೇಳಿಬಿಟ್ಟಿದ್ದಳು: “ಈ ಸಲಾನೂ ಕಚೇರಿ ಕೆಲಸಾ ಸಿಗಲಿಲ್ಲಂದರ ನಾ ಗಬ್ಬೂರಿಗೆ ನಮ್ಮವ್ವನ ಮನಿಗೆ ಹೋಗತೇನಿ. ನೀವು ಆ ನಾಯಿ ಕೂಡ ಸಂಸಾರಾ ಮಾಡ್ರಿ.”

ಸಾಹೇಬರ ಅಡಿಗೆಯವನು ಬಂದೇನವಾಜ. ದಂಶವೆಂದರೆ ಕಡಿತ ಎಂದು ಬಿಡಿಸಿ ಹೇಳಿದವನೂ ಅವನೇ, ಔಷಧ ಹೇಳಿದವನೂ ಅವನೇ. “ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡ್ತಿ? ಬೇವಿನ ಎಣ್ಣ್ಯಾಗ ಅರಿಷಿಣಾ ಕಲಸಿ ಮೈತುಂಬ ಹಚ್ಚು. ಸೊಳ್ಳಿ, ಉಣ್ಣಿ, ತೊಣಚಿ, ಯಾವ ಮಗಂದೂ ಹತ್ರ ಹಾಯೂದಿಲ್ಲ.”

ಯಮನಪ್ಪನದು ಕೈ ಧಾರಾಳ. ಡಬ್ಬಿಯಲ್ಲಿದ್ದ ಅರಿಶಿನವನ್ನೆಲ್ಲ ಸುರಿದು, ಕಿವಿಯಿಂದ ಬಾಲದವರೆಗೆ ಉಜ್ಜಿದ. ಔಷಧವೇನೋ ಹತ್ತಿತು. ನಾಯಿಯ ಸುತ್ತ ಹಾರುತ್ತಿದ್ದ ನೊಣ, ಸೊಳ್ಳೆಗಳೆಲ್ಲ ಯಮನಪ್ಪನ ಕಡೆಗೆ ತಿರುಗಿದವು. ಆದರೆ ನಾಯಿ ಹಳದಿಯಾಗಿ ಹೋಗಿತ್ತು.

“ಇರ್ಲಿ ಬಿಡು, ಹಳದಿ ಅಂದರ ಶುಭಾ,” ಎಂದು ಬೀಗುತ್ತ ಅವನು ಬಟ್ಟಲಲ್ಲಿ ಹಾಲಿಟ್ಟ. “ಕುಡೀರಿ ದೇಸಾಯರ. ಸಿಟ್ಟ ಆಗಬ್ಯಾಡ್ರಿ. ನಿಮ್ಮ ಪಾದಾ ಹಿಡಿತೇನಿ, ಕುಡೀರಿ.”

ಅದೇ ಹೊತ್ತಿಗೆ ಕೆರೆಗೆ ನೀರಿಗೆ ಬಂದಿದ್ದ ಮುದುಕಿ ಮಾಳವ್ವನ ಕೈಯಿಂದ ಕೊಡ ಜಾರಿತು. ಅವಳ ಮನೆದೇವರು ಮೈಲಾರಲಿಂಗ. ಮೈಲಾರನಿಗೆ ಭಂಡಾರ, ಅಂದರೆ ಅರಿಶಿನದ ಪುಡಿಯೇ ಪ್ರಸಾದ, ನಾಯಿಯೆಂದರೆ ದೇವರ ಪರಿವಾರ. ಇಲ್ಲಿ ಮೈತುಂಬ ಭಂಡಾರ ಹೊತ್ತ ನಾಯಿ ಕೂತಿದೆ. ಪಟ್ಟಾ ಹಾಕಿದ ಸರ್ಕಾರಿ ಮನುಷ್ಯ ಅದಕ್ಕೆ ‘ರಿ’ ಹಚ್ಚಿ ಮಾತಾಡುತ್ತ ಪಾದ ಹಿಡಿಯುತ್ತಿದ್ದಾನೆ! ಇನ್ನೇನು ಸಾಕ್ಷಿ ಬೇಕು?

“ಏಳುಕೋಟಿ ಏಳುಕೋಟಿಗೋ!” ಎಂದು ಮೈಲಾರನ ಜೈಕಾರ ಕೂಗುತ್ತ ಅವಳು ಊರೊಳಗೆ ಓಡಿದಳು.

ಕ್ಷಣದಲ್ಲಿ ಡೇರೆಯ ಮುಂದೆ ಜನವೋ ಜನ. ಒಬ್ಬರು ಕಾಯಿ ಒಡೆದರು, ಇನ್ನೊಬ್ಬರು ತುಪ್ಪ ತಂದರು. ಊರ ಗೌಡ ಗುರುಶಿದ್ದಪ್ಪನೇ ರುಮಾಲು ಸರಿಮಾಡಿಕೊಂಡು ಬಂದು ಕೈಮುಗಿದ.

“ಗೌಡ್ರ, ಇದು ಸಾಹೇಬರ ನಾಯಿರಿ!” ಅಂದ ಯಮನಪ್ಪ.

“ಸಾಹೇಬರ ಮನ್ಯಾಗ ಇದ್ದರ ದೇವರು ದೇವರಲ್ಲೇನೋ?” ಗೌಡ ಗದರಿದ. “ನೀ ಸುಮ್ಮನ ಸೇವಾ ಮಾಡು.”

ಸಂಜೆ ಸಾಹೇಬರು ಬಂದಾಗ ಬಿಳಿ ನಾಯಿ ಹಳದಿಯಾಗಿ, ಮುಂದೆ ಊದಿನಕಡ್ಡಿ ಉರಿಯುತ್ತಿದ್ದರೆ ಧಾರವಾಡದ ಗತಿ ಏನು? ಯಮನಪ್ಪ ಬಂದೇನವಾಜನನ್ನು ಮೂಲೆಗೆ ಎಳೆದ. ಅವನ ಬಳಿ ಅದಕ್ಕೂ ಔಷಧ ಇತ್ತು: “ಅರಿವಿ ಒಗಿಯೋ ಸೋಡಾ ಐತಲ್ಲ, ತಿಕ್ಕಿ ತೊಳಿ. ಖರೇ ಹೇಳ್ತೇನಿ, ಬೆಳ್ಳಗ ಆಗತೈತಿ.”

ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದು ಆರತಿ ಮಾಡುವ ಯಾವ ಹೆಂಗಸಿಗೂ ಗೊತ್ತು. ಸೋಡಾದ ಗುಣವೂ ಅದೇ ಎಂಬುದು ಈ ಇಬ್ಬರು ಗಂಡಸರಿಗೆ ಗೊತ್ತಿರಲಿಲ್ಲ. ಯಮನಪ್ಪ ನಾಯಿಯನ್ನು ಕೆರೆಗೆ ಒಯ್ದು ಭರ್ತಿ ಸೋಡಾ ಹಾಕಿ ತಿಕ್ಕಿದ. ತಿಕ್ಕಿದಷ್ಟೂ ಕೆಂಪೇರಿತು. ನೀರು ಕೊಡವಿಕೊಂಡು ದಂಡೆಗೆ ಬಂದದ್ದು ಕುಂಕುಮದ ಬಣ್ಣದ ನಾಯಿ.

“ಭಂಡಾರ ಹೋಗಿ ಕುಂಕುಮ ಬಂತವ್ವಾ!” ಮಾಳವ್ವ ಅಲ್ಲೇ ಅಡ್ಡಬಿದ್ದಳು. ಪವಾಡವನ್ನು ಕಣ್ಣಾರೆ ಕಂಡ ಮೇಲೆ ಊರಿನಲ್ಲಿ ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲ. ಹಾಲಿನ ಗಡಿಗೆಗಳು, ಬೆಲ್ಲದ ಪೆಂಟೆ, ಸಾಹೇಬರ ಕುದುರೆಗೆಂದು ಮೇವಿನ ಹೊರೆ, ಒಲೆಗೆ ಕಟ್ಟಿಗೆ, ಎಲ್ಲವೂ ಡೇರೆಯ ಮುಂದೆ ರಾಶಿ ಬಿದ್ದವು.

ಹೊತ್ತು ಇಳಿಯುವಾಗ ಸಾಹೇಬರ ಕುದುರೆ ಬಂದು ನಿಂತಿತು. ಅವರು ನಾಯಿಯನ್ನು ನೋಡಿದರು, ಯಮನಪ್ಪನನ್ನು ನೋಡಿದರು. ಅವರ ಮುಖವೂ ನಾಯಿಯ ಬಣ್ಣಕ್ಕೇ ತಿರುಗಿತು.

“ಇದೇನು ವರ್ಣ?”

“ಬಣ್ಣಾ ಆಮ್ಯಾಲೆ ನೋಡ್ರಿ ಸರಕಾರ್, ಮೊದಲ ಮೈ ನೋಡ್ರಿ,” ಅಂದ ಯಮನಪ್ಪ, ಇದ್ದಬಿದ್ದ ಧೈರ್ಯವನ್ನೆಲ್ಲ ಒಗ್ಗೂಡಿಸಿ. “ಒಂದ ಕಡಿತಾ ಸಿಕ್ಕರ ನನ್ನ ಪಟ್ಟಾ ಕಸಗೊಳ್ರಿ.”

ಸಾಹೇಬರು ಕನ್ನಡಕ ಏರಿಸಿ ಕೂದಲು ಸರಿಸಿ ಹುಡುಕಿದರು. ಕಿವಿಯೊಳಗೆ ನೋಡಿದರು, ಬೆರಳ ಸಂದಿ ನೋಡಿದರು. ಒಂದೂ ಸಿಗಲಿಲ್ಲ. ಯಮನಪ್ಪನ ಕಣ್ಣ ಮುಂದೆ ಕಚೇರಿಯ ಬಾಗಿಲು, ಸಂಜೆಗೆ ಸಾವಕ್ಕನ ಬಿಸಿ ರೊಟ್ಟಿ ಎಲ್ಲ ಸುಳಿದುಹೋಯಿತು. ಗೆದ್ದೆ!

“ಮೆಚ್ಚಿದೆನು. ನಿನಗೆ ಧಾರವಾಡ...” ಎನ್ನುತ್ತಿದ್ದ ಸಾಹೇಬರ ಕಣ್ಣು ಆಗ ಹಾಲು, ಮೇವು, ಕಟ್ಟಿಗೆಯ ರಾಶಿಯ ಮೇಲೆ ಬಿತ್ತು. ಅವರ ಡೇರೆ ಹೋದ ಊರಲ್ಲೆಲ್ಲ ಜನ ಬಾಗಿಲು ಹಾಕಿಕೊಳ್ಳುವುದೇ ರೂಢಿ. ಒಂದು ಚೆಂಬು ಹಾಲಿಗೂ ಗೌಡರನ್ನು ಬೇಡಬೇಕು. ಇಲ್ಲಿ ಊರಿಗೆ ಊರೇ ಕೈಮುಗಿದು ನಿಂತಿದೆ. ಅವರು ಬಂದೇನವಾಜನನ್ನು ಕರೆದು ಎಲ್ಲ ಕೇಳಿ ತಿಳಿದುಕೊಂಡರು. ಗಡ್ಡ ಸವರಿದರು.

“ಯಮನಪ್ಪಾ, ನಿನ್ನಂಥ ಗುಣವಂತನು ಕಚೇರಿಯ ದ್ವಾರದಲ್ಲಿ ಕುಳಿತು ವ್ಯರ್ಥನಾಗಕೂಡದು. ಇನ್ನು ಮೇಲೆ ಎಲ್ಲ ಊರುಗಳಲ್ಲಿಯೂ ಪ್ರಾತಃಕಾಲ ಹಳದಿ, ಮಧ್ಯಾಹ್ನ ಕೆಂಪು. ನಿನ್ನನ್ನು ಈ ಶ್ವಾನಕ್ಕೆ ಕಾಯಂ ಮಾಡಿದೆನು.”

ಊರವರು ಜೈಕಾರ ಹಾಕಿದರು. ಯಮನಪ್ಪ ಕೆಂಪು ನಾಯಿಯ ಪಕ್ಕದಲ್ಲಿ ಕೂತು ತನ್ನ ಮೈ ಕೆರೆದುಕೊಂಡ. ಗುರುಶಿದ್ದಪ್ಪ ಗೌಡ ಭಕ್ತಿಯಿಂದ ಬಳಿಗೆ ಬಂದು ಕೇಳಿದ:

“ನಾಳಿ ನಮ್ಮ ಚಕ್ಕಡಿ ಧಾರವಾಡಕ್ಕ ಹೊಂಟೈತಿ. ಮನ್ಯಾಗ ಏನರೆ ಹೇಳೂದೈತೇನಪಾ?”

“ಐತ್ರಿ,” ಅಂದ ಯಮನಪ್ಪ. “ಗಬ್ಬೂರಿಗೆ ಹೋಗಂತ ಹೇಳ್ರಿ. ಹೋಗೂ ಮುಂದ ಮನ್ಯಾಗಿದ್ದ ಅರಿಷಿಣಾ ಎಲ್ಲಾ ಕಟ್ಟಿ ಇಲ್ಲಿಗೆ ಕಳಸಂತ ಹೇಳ್ರಿ.”